ಹಳೇ ಮಿಯಾಟಾಗೆ ಯಾವ ಟೈರು: 14 ಇಂಚೋ, 15 ಇಂಚೋ?

1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 (ಇದೇ ಮಿಯಾಟಾ) ಸ್ಪೋರ್ಟ್ಸ್ ಕಾರಿಗೆ ಕಂಪನಿಯ ಟೈರಿನ ಅಳತೆ 185/60 ಆರ್14: ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 60, ರಿಮ್ಮು 14 ಇಂಚು. ಈ ಅಳತೆಯಲ್ಲಿ ಒಳ್ಳೆಯ ಸ್ಪೋರ್ಟ್ಸ್ ಟೈರು ಈಗ ಹುಡುಕಬೇಕು. ಅದಕ್ಕೇ ಬಹಳ ಜನ 15 ಇಂಚಿನ ರಿಮ್ಮಿಗೆ ಹೋಗುತ್ತಾರೆ.

195/50 ಆರ್15ರ ಹೊರವ್ಯಾಸ 576 ಮಿ.ಮೀ., ಮೂಲದ್ದು ಸುಮಾರು 578. ಹಾಗಾಗಿ ಸ್ಪೀಡೋಮೀಟರ್ ಲೆಕ್ಕ ಹೆಚ್ಚುಕಮ್ಮಿ ಅದೇ. ಸೈಡ್‌ವಾಲ್ (ಟೈರಿನ ಪಕ್ಕದ ಎತ್ತರ) ಮಾತ್ರ 111ರಿಂದ 97.5 ಮಿ.ಮೀ.ಗೆ ಇಳಿಯುತ್ತದೆ: ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂತಿ ತಿರುಗುತ್ತದೆ, ಆದರೆ ಗುಂಡಿಗೆ ಬಿದ್ದರೆ ಏಟು ನೇರ ರಿಮ್ಮಿಗೆ.

205/50 ಆರ್15 ಇನ್ನೂ ಅಗಲ, ಒಣ ರಸ್ತೆಯಲ್ಲಿ ಹಿಡಿತ ಹೆಚ್ಚು. ವ್ಯಾಸ 586 ಆಗುವುದರಿಂದ ಮೀಟರು 100 ಎಂದಾಗ ಮೊದಲಿಗಿಂತ ಒಂದೂವರೆ ಕಿ.ಮೀ. ಜಾಸ್ತಿ ವೇಗ. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಪಾರ್ಕಿಂಗ್‌ಗೆ ತೋಳು ನೋಯುತ್ತದೆ. ಸಸ್ಪೆನ್ಷನ್ ತಗ್ಗಿಸಿದ್ದರೆ ಟೈರು ಫೆಂಡರಿಗೆ (ಚಕ್ರದ ಮೇಲಿನ ತಗಡಿಗೆ) ಉಜ್ಜಲೂಬಹುದು.

ರಸ್ತೆಗಾದರೆ ನನ್ನ ಆಯ್ಕೆ 195. ಒಳ್ಳೆಯ 14 ಇಂಚಿನದು ಸಿಕ್ಕರೆ ಮಾತ್ರ ಬಿಡಬೇಡಿ. ಹಗುರ ಚಕ್ರದಲ್ಲಿ ಈ ಕಾರಿನ ಸೊಗಸೇ ಬೇರೆ. ಯಾವುದೇ ಕೊಂಡರೂ ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ) ಮೂಲ ಟೈರಿಗಿಂತ ಕಡಿಮೆ ಇರಬಾರದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.