ನೋಟ್ಸ್ ಓದಲು ಫೋನೋ, ಲ್ಯಾಪ್‌ಟಾಪೋ, ತಂಗಿಯೋ?

ನನಗೆ ಕಣ್ಣು ಕಾಣುವುದಿಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ತಯಾರಾಗಲು ರಾಯಚೂರಿನ ಮನೆಯಲ್ಲೇ ಕೂತು ಒಂದು ಆನ್‌ಲೈನ್ ಕೋಚಿಂಗ್ ಸೇರಿದೆ. ಆರು ತಿಂಗಳಲ್ಲಿ ಮೂರು ದಾರಿ ಹಿಡಿದು ನೋಡಿದೆ. ಫೋನಿನ ಟಾಕ್‌ಬ್ಯಾಕ್, ಲ್ಯಾಪ್‌ಟಾಪಿನ ಎನ್‌ವಿಡಿಎ, ಮತ್ತೆ ನನ್ನ ತಂಗಿ. ಮೊದಲೆರಡೂ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್.

ಮೊದಲು ಫೋನ್. ಟಾಕ್‌ಬ್ಯಾಕ್ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ, ಖರ್ಚಿಲ್ಲ. ಗೂಗಲ್‌ನ ಕನ್ನಡ ಧ್ವನಿ ಇಂಪಾಗಿದೆ, ಮಲಗಿಕೊಂಡೂ ಕೇಳಬಹುದು. ಕರೆಂಟ್ ಹೋದರೂ ಓದು ನಿಲ್ಲುವುದಿಲ್ಲ. (ವಿದ್ಯುತ್ ಸ್ಥಾವರ ಇರುವ ಶಕ್ತಿನಗರ ಇಲ್ಲೇ ಪಕ್ಕದಲ್ಲಿದೆ, ಆದರೂ ಬೇಸಿಗೆ ಮಧ್ಯಾಹ್ನ ನಮ್ಮ ಓಣಿಯಲ್ಲಿ ಕರೆಂಟ್ ನಂಬುವ ಹಾಗಿಲ್ಲ.) ತೊಂದರೆ ಇದ್ದದ್ದು ಕೋಚಿಂಗ್‌ನ ಆ್ಯಪ್‌ನಲ್ಲಿ. ಮಾಡಿದವರು ಬಟನ್‌ಗಳಿಗೆ ಹೆಸರೇ ಕೊಟ್ಟಿಲ್ಲ. ಎಲ್ಲದಕ್ಕೂ ಬರೀ ‘ಬಟನ್’ ಎಂದು ಕೇಳಿಸುತ್ತದೆ. ಒಮ್ಮೆ ಕೈ ಎತ್ತುವ ಬಟನ್ ಇದೇ ಇರಬೇಕು ಎಂದು ಒತ್ತಿದೆ, ಕ್ಲಾಸಿನಿಂದಲೇ ಹೊರಗೆ ಬಿದ್ದೆ. ಅಣಕು ಪರೀಕ್ಷೆಯಲ್ಲಂತೂ ನಾಲ್ಕು ಆಯ್ಕೆ ಕೇಳಿ ಮುಗಿಸುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ನಿಜವಾದ ಪರೀಕ್ಷೆಯಲ್ಲಿ ನಮಗೆ ಗಂಟೆಗೆ 20 ನಿಮಿಷ ಜಾಸ್ತಿ ಕೊಡಬೇಕೆಂಬ ನಿಯಮ ಇದೆ, ಅದು ಈ ಆ್ಯಪ್‌ಗೆ ಗೊತ್ತಿಲ್ಲ.

ಎನ್‌ವಿಡಿಎ ಕೂಡ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ಇದರ ಜೊತೆಗೆ ಬರುವ ಈಸ್ಪೀಕ್‌ನ ಕನ್ನಡ ಧ್ವನಿ ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿದೆ. ಎರಡು ದಿನ ಕೇಳಿ ತಲೆ ಕೆಟ್ಟು ಬಿಟ್ಟೇಬಿಟ್ಟಿದ್ದೆ. ಆಮೇಲೆ ಮತ್ತೆ ಹಿಡಿದೆ. ಮೂರನೇ ವಾರ ಅದೇ ಧ್ವನಿಯನ್ನು ಎಷ್ಟು ವೇಗವಾಗಿ ಓಡಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳತೊಡಗಿತು. ಫೋನಿನ ಇಂಪಾದ ಧ್ವನಿ ಆ ವೇಗದಲ್ಲಿ ಕಲಸಿಹೋಗುತ್ತದೆ. ಇನ್ನೊಂದು ಲಾಭ, ಶೀರ್ಷಿಕೆ ಸರಿಯಾಗಿ ಹಾಕಿದ ಪುಟವಾದರೆ ಎಚ್ ಒತ್ತುತ್ತಾ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಜಿಗಿಯಬಹುದು. ಫೋನಿನಲ್ಲಿ ಅಷ್ಟಕ್ಕೆ ಬೆರಳು ಸವೆಯುತ್ತದೆ. ಜೂಮ್ ಕ್ಲಾಸಿನಲ್ಲಿ ಆಲ್ಟ್ ಮತ್ತು ಎ ಒತ್ತಿದರೆ ಮೈಕ್ ಆನ್, ಮತ್ತೆ ಒತ್ತಿದರೆ ಆಫ್. ಹುಡುಕಾಟವೇ ಇಲ್ಲ.

ಆದರೆ ಎರಡನ್ನೂ ಸೋಲಿಸಿದ್ದು ಕೋಚಿಂಗ್‌ನವರ ಪಿಡಿಎಫ್. ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಒಳಗೆ ಅಕ್ಷರವೇ ಇಲ್ಲ, ಏನು ಓದೀತು? ಅಂಥದ್ದನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸಿ ಕೊಡುತ್ತದೆ. ಕನ್ನಡವನ್ನೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಕೋಷ್ಟಕ ಬಂದರೆ ಮಾತ್ರ ಸಾಲೆಲ್ಲ ಕಲಸುಮೇಲೋಗರ. ಇನ್ನು ಕೆಲವು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದವು, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಅಲ್ಲ. ನೋಡುವವರಿಗೆ ಅಚ್ಚ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ‘ಕ’ ಇರುವ ಕಡೆ ಸಾಫ್ಟ್‌ವೇರ್‌ಗೆ ಸಿಗುವುದು ಇಂಗ್ಲಿಷಿನ ‘ಪಿ’. ಸಂವಿಧಾನದ 371ಜೆ ವಿಧಿಯ ಪಾಠ ಹಚ್ಚಿದಾಗ ಅಡುಗೆಮನೆಯಿಂದ ಅವ್ವ ಕೇಳಿದಳು, “ಇದ್ಯಾವ ಭಾಷಿನೋ ಯಪ್ಪಾ?”

ಹಾಗಾಗಿ ತಂಗಿ. ಅವಳು ಓದಿ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸುತ್ತಿದ್ದಳು. ನಕ್ಷೆ ಬಂದರೆ “ಇಲ್ಲಿ ಕೃಷ್ಣಾ, ಕೆಳಗ ತುಂಗಭದ್ರಾ, ನಡುವ ನಾವು” ಎಂದು ನನ್ನ ಅಂಗೈ ಮೇಲೆ ಬೆರಳು ಎಳೆದು ತೋರಿಸುವಳು. ಅದನ್ನು ಯಾವ ಸಾಫ್ಟ್‌ವೇರ್ ಮಾಡೀತು? ಆದರೆ ಅವಳಿಗೂ ಕಾಲೇಜು, ಪರೀಕ್ಷೆ ಎಲ್ಲ ಇದೆ. ಒಂದು ಸಾಲು ಮತ್ತೆ ಕೇಳಬೇಕೆಂದರೆ ಇಡೀ ಧ್ವನಿಯಲ್ಲಿ ಹುಡುಕಬೇಕು. ರಾತ್ರಿ ಹನ್ನೊಂದಕ್ಕೆ ಅವಳನ್ನು ಎಬ್ಬಿಸಲು ನನಗೇ ಮುಜುಗರ.

ಕೊನೆಗೆ ಮೇಷ್ಟ್ರಿಗೆ ಫೋನ್ ಮಾಡಿ, ಟೈಪ್ ಮಾಡಿದ ವರ್ಡ್ ಫೈಲನ್ನೇ ಕಳಿಸಿ ಎಂದೆ. “ಪಿಡಿಎಫ್‌ಗೆ ಏನ್ರಿ ಆಗೇದ?” ಎಂದರು. ಲ್ಯಾಪ್‌ಟಾಪಿನ ಸ್ಪೀಕರ್ ಪಕ್ಕ ಫೋನ್ ಇಟ್ಟು ಒಂದು ಪುಟ ಕೇಳಿಸಿದೆ. ಮರುದಿನವೇ ವರ್ಡ್ ಫೈಲ್ ಬಂತು. ಹಳೆಯ ಫಾಂಟೇ, ಆದರೆ ಕನ್ವರ್ಟರ್‌ಗೆ ಹಾಕಿದರೆ ನಿಮಿಷದಲ್ಲಿ ಯೂನಿಕೋಡ್ ಆಗುತ್ತದೆ.

ಈಗ ಕ್ಲಾಸ್ ಕೇಳಲು ಫೋನ್, ಓದಲು ಬರೆಯಲು ಎನ್‌ವಿಡಿಎ. ನಕ್ಷೆಗಳು ತಂಗಿಯ ಪಾಲಿಗೇ ಉಳಿದಿವೆ. ಒಂದು ನಕ್ಷೆಗೆ ಒಂದು ಪ್ಲೇಟ್ ಮಿರ್ಚಿ ಎಂದು ದರ ಕಟ್ಟಿದ್ದಾಳೆ. ಮೊನ್ನೆ ಭೂಗೋಳ ಶುರುವಾಯಿತು, ಏಳು ಪ್ಲೇಟ್ ಬಾಕಿ ಇದೆ.