ಯೂವರ್ಷನ್ ಬೈಬಲ್ ಆ್ಯಪ್: ದಿನಾ ಪ್ರಾರ್ಥನೆ ಮಾಡೋರಿಗೆ ಎಷ್ಟು ಉಪಯೋಗ?

ನಮ್ ಸಭೆಲಿ ಮಹಿಳಾ ಕೂಟ ಮುಗಿದ್ಮೇಲೆ ಯಾರಾದ್ರೂ ಒಬ್ರು ಬಂದು ಕೇಳೇ ಕೇಳ್ತಾರೆ, ಸಿಸ್ಟರ್ ನೀವು ಫೋನಲ್ಲಿ ಯಾವ ಸತ್ಯವೇದ ಓದ್ತೀರಾ, ನಂಗೂ ಹಾಕ್ಕೊಡಿ ಅಂತ. ಹಾಕ್ಕೊಡೋದೇನೋ ಎರಡು ನಿಮಿಷದ ಕೆಲ್ಸ, ಆದ್ರೆ ಹಾಕ್ಕೊಂಡ್ಮೇಲೆ ಅದನ್ನ ಹೆಂಗೆ ಬಳಸ್ಬೇಕು, ಯಾವುದನ್ನ ಬಿಡ್ಬೇಕು ಅಂತ ಹೇಳೋಕೆ ಅಲ್ಲಿ ಟೈಮ್ ಸಿಗಲ್ಲ, ಎಲ್ರಿಗೂ ಬಸ್ ಹಿಡಿಯೋ ಅವಸರ. ಅದಕ್ಕೆ ಇಲ್ಲಿ ಉದ್ದಕ್ಕೆ ಬರೀತಿದೀನಿ. ನಾನು ನರ್ಸ್, ತಿಂಗಳಲ್ಲಿ ಅರ್ಧ ನೈಟ್ ಡ್ಯೂಟಿ, ಆದ್ರಿಂದ "ಬೆಳಗ್ಗೆ ಐದಕ್ಕೆ ಎದ್ದು ಮೊಣಕಾಲೂರಿ" ಅನ್ನೋ ತರದ ಸಲಹೆ ನಂಗೆ ಆಗ್ಬರಲ್ಲ, ಬೆಳಗ್ಗೆ ಐದಕ್ಕೆ ನಾನು ವಾರ್ಡಲ್ಲಿ ಬಿಪಿ ನೋಡ್ತಾ ಇರ್ತೀನಿ. ನನ್ ತರ ಇರೋರಿಗೆ ಈ ರಿವ್ಯೂ ಜಾಸ್ತಿ ಉಪಯೋಗ ಆಗ್ಬಹುದು.

ಮೊದ್ಲು ಸಾಮಾನ್ಯ ವಿಷ್ಯ ಹೇಳಿ ಮುಗಿಸ್ತೀನಿ. ಅಮೆರಿಕದ ಒಕ್ಲಹೋಮದಲ್ಲಿರೋ ಲೈಫ್ ಚರ್ಚ್ ಅನ್ನೋ ಸಭೆಯವ್ರು ಮಾಡಿದ್ದು ಇದು, 2008ರ ಜುಲೈನಲ್ಲಿ ಐಫೋನ್ ಆ್ಯಪ್ ಸ್ಟೋರ್ ಶುರುವಾದಾಗ್ಲೇ ಅದರಲ್ಲಿ ಇತ್ತು. 2021ರ ಹೊತ್ತಿಗೆ 50 ಕೋಟಿ ಡಿವೈಸ್‌ಗಳಲ್ಲಿ ಇನ್‌ಸ್ಟಾಲ್ ಆಗಿತ್ತು. ದುಡ್ಡು ಕೇಳಲ್ಲ, ಜಾಹೀರಾತು ಇಲ್ಲ, ಪ್ರೀಮಿಯಂ ಅಂತ ಬೀಗ ಹಾಕಿಟ್ಟ ಭಾಗ ಇಲ್ಲ, ಕಾಣಿಕೆ ಕೊಡೋರು ಕೊಡ್ತಾರೆ ನಡೀತಾ ಇದೆ. ಪ್ರಾರ್ಥನೆ ಮಧ್ಯೆ ಲೋನ್ ಆ್ಯಪ್ ಜಾಹೀರಾತು ಬರಲ್ಲ ಅನ್ನೋದೇ ದೊಡ್ಡ ನೆಮ್ಮದಿ ಅನ್ನಿ.

ಕನ್ನಡದಲ್ಲಿ ಒಂದಕ್ಕಿಂತ ಜಾಸ್ತಿ ಆವೃತ್ತಿ ಇದಾವೆ. ಬೈಬಲ್ ಸೊಸೈಟಿಯ ಹಳೇ ಜೆ.ವಿ. ಇದೆ, ಅಂದ್ರೆ ನಮ್ ಅಜ್ಜಿ ಅಮ್ಮ ಎಲ್ಲಾ ಓದಿದ "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಅನ್ನೋದು. ಸರಳ ಕನ್ನಡದ್ದೂ ಇದೆ. ಯಾವುದು ಒಳ್ಳೇದು ಅಂತ ಜಗಳ ಬೇಡ, ನನ್ ಲೆಕ್ಕ ಇಷ್ಟೇ, ಕುಟುಂಬ ಪ್ರಾರ್ಥನೆಗೆ ಜೆ.ವಿ. ಯಾಕಂದ್ರೆ ಅತ್ತೆ ಕಣ್ಮುಚ್ಚಿಕೊಂಡೇ ಜೊತೆಗೆ ಹೇಳ್ತಾರೆ, ಮಗನ ಜೊತೆ ಓದೋವಾಗ ಸರಳದ್ದು ಯಾಕಂದ್ರೆ ಬೈಬಲ್‌ನಲ್ಲಿರೋ ಅಪೊಸ್ತಲ ಪೌಲನ ಪತ್ರಿಕೆಗಳ ಉದ್ದುದ್ದ ವಾಕ್ಯ ಜೆ.ವಿ.ಯಲ್ಲಿ ಓದಿದ್ರೆ ಎಂಟನೇ ಕ್ಲಾಸ್ ಹುಡುಗ ಅರ್ಧದಲ್ಲೇ ಕಳೆದ್ಹೋಗ್ತಾನೆ. ಬೇಕಾದ ಆವೃತ್ತಿನ ಒಂದ್ಸಲ ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ದಿದ್ರೂ ಓದ್ಬಹುದು, ಎಲ್ಲಾ ಆವೃತ್ತಿಗೂ ಈ ಅನುಕೂಲ ಇರಲ್ಲ, ನೋಡ್ಕೊಂಡು ಮಾಡಿ. 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬರೋಕೆ ಬಳ್ಳಾರಿಲಿ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ವರ್ಷಾನುಗಟ್ಟಲೆ ಕೂತಿದ್ರಂತೆ, ಅವ್ರು ಬಳ್ಳಾರಿಗೆ ಬಂದಿದ್ದು 1810ರಲ್ಲಿ, ಲೆಕ್ಕ ಹಾಕ್ಕೊಳ್ಳಿ. ನಾವು ವೈಫೈ ಸ್ಲೋ ಇದೆ ಅಂತ ಗೊಣಗ್ತೀವಿ.

ಆಡಿಯೋ. ನೈಟ್ ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತಾಗ ಓದೋಕೆ ಕಣ್ಣು ಬಿಡೋಕಾಗಲ್ಲ, ಇಯರ್‌ಫೋನ್ ಹಾಕಿ ಒಂದು ಅಧ್ಯಾಯ ಕೇಳೋದು ಮಾತ್ರ ಸಾಧ್ಯ. ಎಲ್ಲಾ ಆವೃತ್ತಿಗೂ ಆಡಿಯೋ ಇಲ್ಲ, ಆವೃತ್ತಿ ಪಟ್ಟಿಲಿ ಸ್ಪೀಕರ್ ಗುರುತು ಇರೋದನ್ನ ಆರಿಸ್ಕೊಳ್ಳಿ. ಓದೋ ವೇಗ ಹೆಚ್ಚುಕಮ್ಮಿ ಮಾಡ್ಬಹುದು, ಇಷ್ಟು ಹೊತ್ತಾದ್ಮೇಲೆ ನಿಲ್ಲಲಿ ಅಂತ ಟೈಮರ್ ಇಡ್ಬಹುದು. ವೇಗ ಜಾಸ್ತಿ ಮಾಡಿ ಕೇಳ್ಬೇಡಿ ದಯವಿಟ್ಟು, ಕೀರ್ತನೆಗಳನ್ನ, ಅಂದ್ರೆ ಬೈಬಲ್‌ನ ಪ್ರಾರ್ಥನೆ ಹಾಡುಗಳನ್ನ, ಒಂದೂವರೆ ಪಟ್ಟು ಸ್ಪೀಡಲ್ಲಿ ಕೇಳಿ ಮುಗಿಸಿ ಏನ್ ಸಾಧಿಸ್ಬೇಕು.

ಈಗ ಎಲ್ರೂ ಬಳಸೋ "ಇವತ್ತಿನ ವಚನ". ದಿನಾ ಒಂದು ವಚನ ನೋಟಿಫಿಕೇಶನ್ ತರ ಬರುತ್ತೆ, ಹೂವಿನ ಚಿತ್ರದ ಮೇಲೆ ಹಾಕಿ ಸ್ಟೇಟಸ್‌ಗೆ ಇಡೋಕೂ ಆಗುತ್ತೆ. ನಮ್ ಫ್ಯಾಮಿಲಿ ಗ್ರೂಪಲ್ಲಿ ಬೆಳಗ್ಗೆ ಏಳರಿಂದ ಎಂಟರ ಒಳಗೆ ಒಂದೇ ವಚನ ನಾಲ್ಕು ಜನ ಕಳಿಸ್ತಾರೆ. ತಪ್ಪಲ್ಲ. 2020ರಲ್ಲಿ ಲಾಕ್‌ಡೌನ್ ಹೊತ್ತಲ್ಲಿ ಈ ಆ್ಯಪಲ್ಲಿ ಪ್ರಪಂಚದ ಜನ ಅತಿ ಹೆಚ್ಚು ಹುಡುಕಿ ಓದಿ ಗುರುತು ಹಾಕ್ಕೊಂಡ ವಚನ ಯೆಶಾಯ 41:10, "ನೀನಂತು ಹೆದರಬೇಡ, ನಾನೇ ನಿನ್ನೊಂದಿಗಿದ್ದೇನೆ" ಅನ್ನೋದು. ಆವತ್ತು ಆಸ್ಪತ್ರೆಲಿ ಕೆಲ್ಸ ಮಾಡ್ತಿದ್ದ ನಮಗೆ ಅದು ಯಾಕೆ ಅಂತ ಯಾರೂ ವಿವರಿಸ್ಬೇಕಾಗಿಲ್ಲ.

ಆದ್ರೆ ಒಂದು ವಚನಕ್ಕೇ ನಿಂತುಬಿಟ್ರೆ ತೊಂದ್ರೆ ಇದೆ. ಯೆರೆಮೀಯ 29:11 ನೋಡಿ, ದೇವರು ನಿಮಗೆ ಒಳ್ಳೇದನ್ನೇ ಯೋಚಿಸಿದಾನೆ, ಮುಂದಕ್ಕೆ ನಿರೀಕ್ಷೆ ಇದೆ ಅನ್ನೋ ವಚನ, ಪಿಯುಸಿ ರಿಸಲ್ಟ್ ದಿನ ಎಲ್ಲಾ ಮಕ್ಕಳಿಗೂ ಅದೇ ಕಳಿಸ್ತೀವಿ. ಅದರ ಮೇಲೆ ಒತ್ತಿ ಪೂರ್ತಿ ಅಧ್ಯಾಯ ತೆಗೀರಿ. ಬಾಬೆಲಿಗೆ, ಅಂದ್ರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯ ಜನಕ್ಕೆ ಬರೆದ ಪತ್ರ ಅದು. ಹಿಂದಿನ ವಚನದಲ್ಲೇ ಇದೆ, 70 ವರ್ಷ ಆದ್ಮೇಲೆ ಅಂತ! ಅಲ್ಲಿವರೆಗೆ ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡಿ, ಮದುವೆ ಮಾಡ್ಕೊಳ್ಳಿ, ನಿಮ್ಮನ್ನ ಸೆರೆ ಒಯ್ದ ಊರಿನ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ ಅಂತ ಹೇಳಿದೆ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಎಷ್ಟೋ ಜನ ವಾಪಸ್ ಊರು ನೋಡೋ ವಯಸ್ಸಲ್ಲೇ ಇರ್ಲಿಲ್ಲ. ಅದು ಗೊತ್ತಾದ್ಮೇಲೆ ಆ ವಚನ ಚಿಕ್ಕದಾಗಲ್ಲ, ಇನ್ನೂ ಗಟ್ಟಿ ಆಗುತ್ತೆ, ಯಾಕಂದ್ರೆ ನಾಳೆನೇ ಎಲ್ಲಾ ಸರಿಹೋಗುತ್ತೆ ಅನ್ನೋ ಮಾತಲ್ಲ ಅದು. ಫಿಲಿಪ್ಪಿ 4:13 ಕೂಡ ಹಂಗೇ, ಜಿಮ್ ಟೀ ಶರ್ಟ್ ಮೇಲೆಲ್ಲಾ ಹಾಕ್ಕೊಂಡಿರ್ತಾರೆ, ಹಿಂದಿನ ಎರಡು ವಚನ ಓದಿದ್ರೆ ಪೌಲ ಅಲ್ಲಿ ಹೇಳ್ತಿರೋದು ಹೊಟ್ಟೆ ತುಂಬಿದ್ರೂ ಹಸಿದಿದ್ರೂ ತೃಪ್ತಿಯಿಂದ ಇರೋದನ್ನ ಕಲ್ತಿದೀನಿ ಅಂತ, ಅದೂ ಸೆರೆಲಿದ್ದುಕೊಂಡು. ಹಾಗಾಗಿ ನನ್ ಪದ್ಧತಿ ಏನಂದ್ರೆ ವಚನ ಬಂದ್ರೆ ಶೇರ್ ಒತ್ತೋಕೆ ಮುಂಚೆ ಅಧ್ಯಾಯ ಒತ್ತೋದು. ಆ್ಯಪಲ್ಲಿ ಎರಡೂ ಸಲೀಸು, ಬೆರಳು ಯಾವ ಕಡೆ ಹೋಗುತ್ತೆ ಅನ್ನೋದು ನಮ್ ಮೇಲೆ.

ಓದೋ ಪ್ಲಾನ್‌ಗಳು ರಾಶಿ ರಾಶಿ ಇದಾವೆ. ಇಂಗ್ಲಿಷ್‌ನಲ್ಲಿ ಇರೋಷ್ಟು ಕನ್ನಡದಲ್ಲಿ ಇಲ್ಲ, ಅದನ್ನ ನಿರೀಕ್ಷೆ ಮಾಡ್ಕೊಂಡೇ ಹೋಗಿ. ಮೂರು ದಿನ, ಐದು ದಿನ, ಏಳು ದಿನದ ಚಿಕ್ಕ ಪ್ಲಾನ್‌ಗಳು ಹೊಸಬರಿಗೆ ಚೆನ್ನಾಗಿರುತ್ತೆ, ಭಯ, ಕ್ಷಮೆ, ದಾಂಪತ್ಯ ಅಂತ ವಿಷಯದ ಮೇಲೆ ಇರುತ್ತೆ. ಕೆಲವುದರಲ್ಲಿ ವಚನ ಎರಡು ಸಾಲು, ಬರೆದವರ ಕಥೆ ಎರಡು ಪೇಜು, ಅಂಥದ್ದು ಬಿಟ್ಟು ಮುಂದೆ ಹೋಗ್ತೀನಿ ನಾನು. ವರ್ಷದಲ್ಲಿ ಇಡೀ ಬೈಬಲ್ ಮುಗಿಸೋ ಪ್ಲಾನ್ ಬೇಕು ಅಂತ ಜನವರಿ ಒಂದಕ್ಕೆ ಎಲ್ರೂ ಶುರು ಮಾಡ್ತಾರೆ. 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು ಅಧ್ಯಾಯ ಬರುತ್ತೆ. ಆದಿಕಾಂಡ ಓಡುತ್ತೆ, ವಿಮೋಚನಕಾಂಡ ಅರ್ಧದವರೆಗೆ ಓಡುತ್ತೆ, ಯಾಜಕಕಾಂಡಕ್ಕೆ, ಅಂದ್ರೆ ಬಲಿ ನಿಯಮಗಳ ಪುಸ್ತಕಕ್ಕೆ, ಬಂದ್ಮೇಲೆ ಫೆಬ್ರವರಿಲಿ ಎಲ್ರೂ ಮೌನ. 1842ರಲ್ಲಿ ಸ್ಕಾಟ್ಲೆಂಡಿನ ಮಕ್‌ಚೇನ್ ಅನ್ನೋ ಪಾಸ್ಟರ್ ತಮ್ ಸಭೆಗೆ ಅಂತ ಒಂದು ಕ್ರಮ ಮಾಡಿಕೊಟ್ಟಿದ್ರು, ದಿನಕ್ಕೆ ನಾಲ್ಕು ಬೇರೆಬೇರೆ ಕಡೆಯಿಂದ ಓದೋದು, ಹಳೆ ಒಡಂಬಡಿಕೆ ವರ್ಷಕ್ಕೆ ಒಂದ್ಸಲ, ಹೊಸದು ಮತ್ತೆ ಕೀರ್ತನೆಗಳು ಎರಡು ಸಲ ಮುಗಿಯುತ್ತೆ. ಯಾಜಕಕಾಂಡದ ದಿನಗಳಲ್ಲೂ ಜೊತೆಗೆ ಒಂದು ಸುವಾರ್ತೆ ಇಲ್ಲಾ ಕೀರ್ತನೆ ಸಿಗುತ್ತೆ ಅನ್ನೋದು ಅದರ ಜಾಣತನ. ಆದ್ರೂ ನರ್ಸ್, ಡ್ರೈವರ್, ಚಿಕ್ಕ ಮಕ್ಕಳಿರೋ ತಾಯಂದ್ರು ಇವರಿಗೆ ನಾನು ಹೇಳೋದು ದಿನಕ್ಕೆ ಒಂದು ಕೀರ್ತನೆ, ಅಷ್ಟೇ. 150 ಇದಾವೆ, ಐದು ತಿಂಗಳು. 117ನೇದು ಎರಡೇ ವಚನ, ಸುಸ್ತಾದ ದಿನಕ್ಕೆ ಇಟ್ಕೊಳ್ಳಿ, 119ನೇದು 176 ವಚನ, ಅದನ್ನ ವಾರಾನುಗಟ್ಟಲೆ ಬಿಡಿಸಿ ಓದಿ, ಯಾರೂ ಬೈಯಲ್ಲ.

ಸ್ಟ್ರೀಕ್ ಬಗ್ಗೆ ನಂಗೆ ಸ್ವಲ್ಪ ತಕರಾರಿದೆ. ಬಿಡದೆ ಎಷ್ಟು ದಿನ ಆ್ಯಪ್ ತೆಗೆದ್ರಿ ಅಂತ ಎಣಿಸಿ ತೋರಿಸುತ್ತೆ ಅದು. ಹುಡುಗರಿಗೆ ಶುರುವಿನಲ್ಲಿ ಅಭ್ಯಾಸ ಹಿಡಿಯೋಕೆ ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ಆ ಲೆಕ್ಕಕ್ಕೆ ಆ್ಯಪ್ ತೆಗೆದ್ರೆ ಸಾಕು, ಪ್ರಾರ್ಥನೆ ಮಾಡಿದ್ರೋ ಇಲ್ವೋ ಅದಕ್ಕೆ ಹೆಂಗೆ ಗೊತ್ತಾಗ್ಬೇಕು. ರಾತ್ರಿ ಹನ್ನೊಂದೂ ಐವತ್ತಕ್ಕೆ ಅಯ್ಯೋ ಸ್ಟ್ರೀಕ್ ಹೋಗುತ್ತೆ ಅಂತ ಹಾಸಿಗೆಯಿಂದ ಎದ್ದು ತೆಗೆದು ಮುಚ್ಚೋದು ಭಕ್ತಿನಾ ಭಯನಾ ನೀವೇ ಹೇಳಿ. ಜನ ನೋಡ್ಲಿ ಅಂತ ಬೀದಿ ಮೂಲೆಲಿ ನಿಂತು ಪ್ರಾರ್ಥನೆ ಮಾಡ್ಬೇಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಕೊಳ್ಳಿ ಅಂತ ಯೇಸು ಮತ್ತಾಯ ಆರರಲ್ಲಿ ಹೇಳಿದಾರೆ, ಅದೇ ಅಧ್ಯಾಯ ಓದಿ ಮುಗಿಸಿ ಸ್ಟ್ರೀಕ್ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹಾಕೋರನ್ನ ನೋಡಿದೀನಿ, ನಗು ಬರುತ್ತೆ. ಒಂದಿನ ತಪ್ಪಿದ್ರೆ ದೇವರ ಹತ್ರ ನಮ್ ಖಾತೆ ಸೊನ್ನೆಯಿಂದ ಶುರುವಾಗಲ್ಲ. ಕೃಪೆ ಅಂದ್ರೆ ಅದೇ ತಾನೇ.

ನಂಗೆ ಈ ಆ್ಯಪಲ್ಲಿ ಅತಿ ಇಷ್ಟವಾದ ಭಾಗಕ್ಕೆ ಈಗ ಬರ್ತೀನಿ, ಪ್ರಾರ್ಥನೆ ಪಟ್ಟಿ. ಬಹಳ ಜನ ಆ ಕಡೆ ಹೋಗೋದೇ ಇಲ್ಲ. ಪ್ರಾರ್ಥನೆ ವಿಷಯ ಒಂದೊಂದಾಗಿ ಬರೆದು ಇಡ್ಬಹುದು, ನಮಗೆ ಮಾತ್ರ ಕಾಣೋ ಹಂಗೆ ಇಡ್ಬಹುದು ಇಲ್ಲಾ ಆ್ಯಪಲ್ಲಿರೋ ಸ್ನೇಹಿತರಿಗೆ ಕಳಿಸ್ಬಹುದು, ನೆನಪಿಸು ಅಂತ ಟೈಮ್ ಇಡ್ಬಹುದು, ಉತ್ತರ ಸಿಕ್ಕಾಗ ಸಿಕ್ತು ಅಂತ ಗುರುತು ಹಾಕ್ಬಹುದು. ಇದ್ಯಾಕೆ ದೊಡ್ಡ ವಿಷ್ಯ ಅಂದ್ರೆ ನಾವೆಲ್ಲಾ ಕೂಟ ಮುಗಿದ್ಮೇಲೆ "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಿ ಸಿಸ್ಟರ್" ಅಂತ ಹೇಳಿ ಆಟೋ ಹತ್ತೋಷ್ಟರಲ್ಲಿ ಮರೆತುಬಿಡೋ ಜನ. ಯಾರಾದ್ರೂ ಹೇಳಿದ ತಕ್ಷಣ ಅವ್ರ ಮುಂದೇನೇ ಪಟ್ಟಿಗೆ ಹಾಕ್ಬಿಟ್ರೆ ಆ ಮಾತು ಉಳಿಯುತ್ತೆ. ಪೂರ್ತಿ ಹೆಸರು ರೋಗ ಎಲ್ಲಾ ಬರೀಬೇಡಿ, ನಿಮಗೆ ಅರ್ಥ ಆಗೋ ಹಂಗೆ ಅಕ್ಷರ ಸಾಕು, ದೇವರಿಗೆ ವಿಳಾಸ ಗೊತ್ತು. ನರ್ಸ್ ಆಗಿ ಇದನ್ನ ಒತ್ತಿ ಹೇಳ್ತೀನಿ, ಬೇರೆಯವ್ರ ಕಾಯಿಲೆ ಪ್ರಾರ್ಥನೆ ವಿಷಯದ ಹೆಸರಲ್ಲಿ ಊರೆಲ್ಲಾ ಹರಡೋದು ನಮ್ ಸಭೆಗಳಲ್ಲಿ ಸ್ವಲ್ಪ ಜಾಸ್ತಿನೇ.

ಆದ್ರೆ ಆ "ಉತ್ತರ ಸಿಕ್ತು" ಅನ್ನೋ ಗುರುತಿನ ಬಗ್ಗೆ ಯೋಚ್ನೆ ಮಾಡ್ಬೇಕು. ನಾವು ಕೇಳಿದ್ದು ಕೇಳಿದ ಹಂಗೇ ಸಿಕ್ಕಾಗ ಮಾತ್ರ ಅದನ್ನ ಒತ್ತೋದು ಅಂತಾದ್ರೆ ಪೌಲನ ಪಟ್ಟಿಲಿ ಒಂದು ವಿಷಯ ಹಂಗೇ ಉಳ್ಕೊಂಡಿರೋದು. ಶರೀರದ ಮುಳ್ಳು ತೆಗಿ ಅಂತ ಮೂರು ಸಲ ಬೇಡಿಕೊಂಡ, ಬಂದಿದ್ದು "ನನ್ನ ಕೃಪೆಯೇ ನಿನಗೆ ಸಾಕು" ಅಂತ. ಅದೂ ಉತ್ತರನೇ. ಅದಕ್ಕೆ ನಾನು ಆಗಲ್ಲ ಅಂತ ಬಂದಿದ್ದನ್ನೂ ಉತ್ತರ ಸಿಕ್ಕಿದ್ದರಲ್ಲೇ ಸೇರಿಸ್ತೀನಿ. ವಾರ್ಡಲ್ಲಿ ನಾವು ಪ್ರಾರ್ಥನೆ ಮಾಡಿದ ಎಲ್ಲಾ ಪೇಶೆಂಟೂ ಮನೆಗೆ ನಡ್ಕೊಂಡು ಹೋಗಲ್ಲ. ಆವಾಗ ಏನ್ ಬರೀಬೇಕು ಗೊತ್ತಾಗಲ್ಲ, ಸುಮ್ನೆ 13ನೇ ಕೀರ್ತನೆ ತೆಗೀತೀನಿ, ಇನ್ನೆಷ್ಟು ಕಾಲ ಅಂತ ದಾವೀದ ದೇವರನ್ನೇ ನೇರವಾಗಿ ಕೇಳೋದು, ಇಲ್ಲಾಂದ್ರೆ 88, ಅದು ಕತ್ತಲಲ್ಲೇ ಮುಗಿಯುತ್ತೆ, ಸಮಾಧಾನದ ಸಾಲು ಕೊನೆಗೆ ಅಂಟಿಸಿಲ್ಲ. ಅಂಥ ಪ್ರಾರ್ಥನೆನೂ ಸತ್ಯವೇದದ ಒಳಗೇ ಇಟ್ಟಿದಾರೆ ಅನ್ನೋದು ನಂಗೆ ಎಷ್ಟೋ ರಾತ್ರಿ ಧೈರ್ಯ ಕೊಟ್ಟಿದೆ, ಯಾವ ಚಿಕ್ಕ ಪ್ಲಾನೂ ಅಷ್ಟು ಕೊಟ್ಟಿಲ್ಲ.

ಇನ್ನು ಫೋನಿನ ಸ್ವಭಾವ. ಸತ್ಯವೇದ ತೆಗೆಯೋಕೆ ಅಂತ ಫೋನ್ ಎತ್ತಿದ್ರೆ ಮೇಲೆ ವಾಟ್ಸಾಪ್ ಕಾಣುತ್ತೆ, ಅದಾದ್ಮೇಲೆ ರೀಲ್ಸು, ಅರ್ಧ ಗಂಟೆ ಆದ್ಮೇಲೆ ಯಾಕೆ ಎತ್ತಿದ್ದೆ ಅಂತ ನೆನಪಾಗುತ್ತೆ. ಇದು ಆ್ಯಪಿನ ತಪ್ಪಲ್ಲ. ನಾನ್ ಮಾಡೋದು ಹೇಳ್ತೀನಿ, ಮೊದ್ಲು ಏರೋಪ್ಲೇನ್ ಮೋಡ್, ಆಮೇಲೆ ಡೌನ್‌ಲೋಡ್ ಆಗಿರೋ ಜೆ.ವಿ., ಒಂದು ಕೀರ್ತನೆ, ಪಟ್ಟಿ ಮೇಲೆ ಒಂದ್ಸಲ ಕಣ್ಣಾಡಿಸಿ ಫೋನ್ ಮಗುಚಿ ಇಟ್ಟು ಪ್ರಾರ್ಥನೆ. ಪಟ್ಟಿಗೆ ನೆಟ್ ಬೇಕಾದ್ರೆ ಮೊದ್ಲೇ ನೋಡ್ಕೊಂಡುಬಿಡಿ. ಪ್ರಾರ್ಥನೆ ಮಾಡೋವಾಗ ಕೈಲಿ ಫೋನ್ ಇರಲೇಬಾರದು, ಇದೊಂದು ನಿಯಮ ಮನೆಲಿ ಅತ್ತೆಯಿಂದ ಹಿಡಿದು ಎಲ್ರಿಗೂ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರಿದ, ಅವನಿಗೆ ರಾಜನ ಅಪ್ಪಣೆ ಮೀರಿದ್ರೆ ಸಿಂಹದ ಗವಿ, ನಮಗೆ ಬರೀ ನೋಟಿಫಿಕೇಶನ್ನು, ಆದ್ರೂ ನಾವೇ ಜಾಸ್ತಿ ಸೋಲೋದು.

ಬೇರೆ ಆ್ಯಪ್‌ಗಳ ಬಗ್ಗೆ ಎರಡು ಮಾತು. ಇಂಗ್ಲಿಷ್ ಕೇಳಿದ್ರೆ ಅರ್ಥ ಆಗುತ್ತೆ ಅನ್ನೋರಿಗೆ ಬ್ರಿಟನ್ನಿನ ಜೆಸ್ವಿಟ್ ಗುರುಗಳು 2006ರಿಂದ ನಡೆಸ್ತಿರೋ ಪ್ರೇ ಆಸ್ ಯು ಗೋ ಇದೆ, ಉಚಿತ, ಹತ್ತು ಹನ್ನೆರಡು ನಿಮಿಷ, ಸಂಗೀತ, ವಾಕ್ಯ, ಪ್ರಶ್ನೆ, ಮೌನ. ನಾನು ಸಿಎಸ್‌ಐ, ಅಂದ್ರೆ ಪ್ರೊಟೆಸ್ಟಂಟ್ ಸಭೆ, ಅವ್ರು ಕ್ಯಾಥೊಲಿಕ್, ಆದ್ರೂ ಮಧ್ಯೆ ಮಾತು ನಿಲ್ಲಿಸಿ ಯೋಚ್ನೆಗೆ ಬಿಡೋದನ್ನ ಅವರ ಹತ್ರ ಕಲೀಬೇಕು. ಹ್ಯಾಲೋ ಅನ್ನೋದೂ ಚೆನ್ನಾಗಿದೆ ಅಂತಾರೆ, ಆದ್ರೆ ಬಹುಪಾಲು ಭಾಗಕ್ಕೆ ಚಂದಾ ಕಟ್ಬೇಕು. ಕನ್ನಡದಲ್ಲೇ ಪ್ರಾರ್ಥನೆ ಬರೋರಿಗೆ ಯೂವರ್ಷನ್ ಸಾಕು. ಅತ್ತೆಗೆ ಮಾತ್ರ ದಪ್ಪಕ್ಷರದ ಪುಸ್ತಕನೇ, ಜಿಪ್ ಕವರ್ ಇರೋದು, ಅದರೊಳಗೆ ಮಾವನ ಕೈಬರಹ ಇದೆ, ಅದನ್ನ ಯಾವ ಆ್ಯಪೂ ಕೊಡಲ್ಲ, ನಾವು ಕೇಳಕ್ಕೂ ಹೋಗಲ್ಲ.

ರೇಟಿಂಗ್ ಐದಕ್ಕೆ ನಾಲ್ಕೂವರೆ. ಅರ್ಧ ಕಮ್ಮಿ ಮಾಡಿದ್ದು ಸ್ಟ್ರೀಕ್‌ಗೆ ಮತ್ತೆ ಕನ್ನಡ ಪ್ಲಾನ್ ಕಮ್ಮಿ ಇರೋದಕ್ಕೆ. ಹಾಕ್ಕೊಳ್ಳೋವಾಗ ಜೋಪಾನ, ಸ್ಟೋರಲ್ಲಿ ಕನ್ನಡ ಬೈಬಲ್ ಅಂತ ಹುಡುಕಿದ್ರೆ ಬೇರೆಬೇರೆಯವ್ರು ಮಾಡಿದ್ದು ಸಾಲಾಗಿ ಬರುತ್ತೆ, ಕೆಲವುದರಲ್ಲಿ ಪೇಜಿಗೊಂದು ಜಾಹೀರಾತು, ಆದ್ರಿಂದ ಯೂವರ್ಷನ್ ಅನ್ನೋ ಹೆಸರು ನೋಡಿ ಹಾಕ್ಕೊಳ್ಳಿ. ವಯಸ್ಸಾದೋರಿಗೆ ಹಾಕ್ಕೊಟ್ರೆ ಅಲ್ಲೇ ಕೂತು ಅಕ್ಷರ ದೊಡ್ಡದು ಮಾಡಿ, ಕನ್ನಡ ಆವೃತ್ತಿ ಡೌನ್‌ಲೋಡ್ ಮಾಡಿ, ಬೇಡದ ನೋಟಿಫಿಕೇಶನ್ ಎಲ್ಲಾ ಆಫ್ ಮಾಡಿ ಇವತ್ತಿನ ವಚನ ಒಂದೇ ಬಿಟ್ಟು ಕೊಡಿ, ಇಲ್ಲಾಂದ್ರೆ ಮಾರನೇ ದಿನ ಬೆಳಗ್ಗೆ ನಿಮಗೇ ಫೋನ್ ಬರುತ್ತೆ.