ಹ್ಯಾಲೊವೀನ್ ಪಾರ್ಟಿಗೆ ಮನೆಯ ತಿನಿಸು: ಮೂರನೆಯ ಗಂಟೆಯಲ್ಲಿ ಉಳಿಯುವುದು ಯಾವುದು?

ನ್ಯೂಜೆರ್ಸಿಯಲ್ಲಿ ನಾವಿರುವಂಥ ಬಡಾವಣೆಗಳಲ್ಲಿ ಅಕ್ಟೋಬರ್ 31ರ ಸಂಜೆ ಬಹುತೇಕ ಒಂದೇ ಕ್ರಮದಲ್ಲಿ ಸಾಗುತ್ತದೆ. ಐದರ ಹೊತ್ತಿಗೆ ಪಾರ್ಟಿಯಿರುವ ಮನೆಯಲ್ಲಿ ಮಕ್ಕಳೂ ಹೆತ್ತವರೂ ಸೇರಿ, ವೇಷಗಳ ಫೋಟೊ ತೆಗೆಸಿಕೊಂಡು, ಮೇಜಿನ ಮೇಲಿರುವುದರಲ್ಲಿ ಒಂದೆರಡನ್ನು ಬಾಯಿಗೆ ಹಾಕಿಕೊಂಡು ಮಿಠಾಯಿ ಕೇಳಲು ಮನೆಮನೆಗೆ ಹೊರಡುತ್ತಾರೆ. ಚೀಲ ತುಂಬಿಸಿಕೊಂಡು ಎಂಟರ ಸುಮಾರಿಗೆ ಚಳಿಯಲ್ಲಿ ಹಿಂತಿರುಗಿದಾಗಲೇ ಎಲ್ಲರಿಗೂ ನಿಜವಾದ ಹಸಿವಾಗುವುದು. ಹಾಗಾಗಿ ಐದಕ್ಕೆ ಇಟ್ಟದ್ದನ್ನು ಹೆಚ್ಚಿನವರು ತಿನ್ನುವುದು ಎಂಟಕ್ಕೆ. ಅಡುಗೆ ಪುಸ್ತಕಗಳ ಚಿತ್ರಗಳೆಲ್ಲ ತಿನಿಸು ಓವನ್ನಿನಿಂದ ಹೊರಬಂದ ಗಳಿಗೆಯವು. ಮೂರು ಗಂಟೆ ಕಳೆದ ಮೇಲಿನ ಸ್ಥಿತಿಯನ್ನು ಯಾರೂ ತೋರಿಸುವುದಿಲ್ಲ. ಒಂದೇ ಜಾಗಕ್ಕೆ ಪೈಪೋಟಿ ನಡೆಸುವ ತಿನಿಸುಗಳನ್ನು ಅಕ್ಕಪಕ್ಕದಲ್ಲಿಟ್ಟು, ಆ ಮೂರನೆಯ ಗಂಟೆಯಲ್ಲಿ ಅವು ಹೇಗಿದ್ದವು ಎಂಬುದನ್ನೇ ಇಲ್ಲಿ ಮುಖ್ಯ ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಅತಿಥಿಗಳ ವಿಷಯವನ್ನೂ ಮೊದಲೇ ಹೇಳಬೇಕು. ಬರುವವರಲ್ಲಿ ಅರ್ಧದಷ್ಟು ಮಂದಿ ಮೊಟ್ಟೆಯನ್ನಾಗಲಿ, ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುವ ಜೆಲಟಿನ್ನನ್ನಾಗಲಿ ಮುಟ್ಟದ ಮನೆಗಳವರು. ನೆರೆಯ ಮಕ್ಕಳಲ್ಲಿ ಕೆಲವರಿಗೆ ಕಡಲೆಕಾಯಿ, ಬಾದಾಮಿಗಳ ಅಲರ್ಜಿಯಿದೆ. ಬಾಗಿಲಿಗೆ ಬರುವ ಅಪರಿಚಿತ ಮಕ್ಕಳಿಗೆ ಮನೆಯಲ್ಲಿ ಮಾಡಿದ್ದನ್ನು ಕೊಡುವ ವಾಡಿಕೆ ಈ ದೇಶದಲ್ಲಿ 1970ರ ದಶಕದಿಂದೀಚೆಗೆ ಹೆಚ್ಚುಕಡಿಮೆ ನಿಂತೇ ಹೋಗಿದೆ. 1974ರಲ್ಲಿ ಟೆಕ್ಸಾಸ್‌ನಲ್ಲಿ ತಂದೆಯೊಬ್ಬ ಹ್ಯಾಲೊವೀನ್ ಮಿಠಾಯಿಯಲ್ಲಿ ಸಯನೈಡ್ ಬೆರೆಸಿ ತನ್ನ ಮಗನನ್ನೇ ಕೊಂದ ಪ್ರಕರಣ ಆ ಭಯವನ್ನು ಇನ್ನಷ್ಟು ಗಟ್ಟಿ ಮಾಡಿತು. ಅಪರಾಧ ನಡೆದದ್ದು ಮನೆಯೊಳಗೆ. ಅನುಮಾನ ಬಿದ್ದದ್ದು ಮಾತ್ರ ಊರಿನ ಎಲ್ಲ ಅಡುಗೆಮನೆಗಳ ಮೇಲೆ. ಹೀಗಾಗಿ ಕೈಯಾರೆ ಮಾಡಿದ ತಿನಿಸಿಗೆ ಈಗ ಉಳಿದಿರುವ ಜಾಗವೆಂದರೆ ಪರಿಚಿತರೇ ಸೇರುವ ಪಾರ್ಟಿಯ ಮೇಜು.

ಕಡ್ಡಿಗೆ ಚುಚ್ಚಿದ ಸೇಬಿನಲ್ಲಿ ಎರಡು ಬಗೆಗಳಿವೆ. ಸಕ್ಕರೆ, ಕಾರ್ನ್ ಸಿರಪ್, ನೀರು, ಕೆಂಪು ಬಣ್ಣಗಳನ್ನು 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ (149 ಡಿಗ್ರಿ ಸೆಲ್ಸಿಯಸ್) ಕಾಯಿಸಿ ಅದ್ದುವ, ಗಾಜಿನಂತೆ ಹೊಳೆಯುವ ಕ್ಯಾಂಡಿ ಸೇಬು ಒಂದು. ಇದು 1908ರಲ್ಲಿ ನಮ್ಮದೇ ರಾಜ್ಯದ ನ್ಯೂಅರ್ಕ್‌ನಲ್ಲಿ ವಿಲಿಯಂ ಕೋಲ್ಬ್ ಎಂಬ ಮಿಠಾಯಿಗಾರನ ಅಂಗಡಿಯಲ್ಲಿ ಹುಟ್ಟಿತೆಂಬ ಹೇಳಿಕೆಯಿದೆ. ಬೆಣ್ಣೆ, ಕೆನೆ, ಕಂದು ಸಕ್ಕರೆಗಳನ್ನು ಸುಮಾರು 245 ಡಿಗ್ರಿಗೆ (ಇಲ್ಲಿಂದ ಮುಂದಿನ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್‌ನವೇ) ತಂದು ಅದ್ದುವ ಕ್ಯಾರಮೆಲ್ ಸೇಬು ಇನ್ನೊಂದು. ನೋಟದಲ್ಲಿ ಮೊದಲನೆಯದಕ್ಕೆ ಸಾಟಿಯಿಲ್ಲ, ಆದರೆ ಹಾಲುಹಲ್ಲಿನ ಮಕ್ಕಳಿಗೆ ಅದನ್ನು ಕಚ್ಚಲಾಗುವುದಿಲ್ಲ. ಮಳೆಯ ಸಂಜೆಯಾದರೆ ಗಾಳಿಯ ತೇವವನ್ನು ಹೀರಿ ಎರಡು ಗಂಟೆಯೊಳಗೆ ಅಂಟಂಟಾಗುತ್ತದೆ, ಕಡ್ಡಿಯ ಬುಡದಲ್ಲಿ ಜಿನುಗುವ ಹಣ್ಣಿನ ರಸ ಸಕ್ಕರೆಯ ಪದರವನ್ನು ಒಳಗಿನಿಂದಲೇ ಕರಗಿಸುತ್ತದೆ. ಕ್ಯಾರಮೆಲ್ಲಿನ ತೊಂದರೆ ಬೇರೆ. ಅಂಗಡಿಯ ಸೇಬಿನ ಮೇಲೆ ಮೇಣದ ಲೇಪವಿರುವುದರಿಂದ ಹಣ್ಣನ್ನು ಕುದಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ಬಟ್ಟೆಯಿಂದ ಉಜ್ಜಿ ಒರೆಸದಿದ್ದರೆ ಪಾಕ ಜಾರಿ ಬುಡದಲ್ಲಿ ಶೇಖರವಾಗುತ್ತದೆ. ಒರೆಸಿ ಮಾಡಿದರೂ ಬೆಚ್ಚನೆಯ ಕೋಣೆಯಲ್ಲಿ ಮೂರನೆಯ ಗಂಟೆಗೆ ಸ್ವಲ್ಪ ಇಳಿದೇ ಇಳಿಯುತ್ತದೆ.

ಮುಂಚಿತವಾಗಿ ಮಾಡಿ ಹೊರಗಿಡುವವರು ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಬೇಕು. 2014ರ ಕೊನೆಯಲ್ಲಿ ಕಾರ್ಖಾನೆಯಲ್ಲಿ ತಯಾರಾದ ಕ್ಯಾರಮೆಲ್ ಸೇಬುಗಳಿಂದ ಲಿಸ್ಟೀರಿಯಾ ಸೋಂಕು ಹರಡಿ, 12 ರಾಜ್ಯಗಳಲ್ಲಿ 35 ಮಂದಿ ಕಾಯಿಲೆ ಬಿದ್ದರು, ಕೆಲವರು ಸತ್ತರು. ಕಡ್ಡಿ ಚುಚ್ಚಿದಾಗ ಹೊರಬರುವ ರಸ ಕ್ಯಾರಮೆಲ್ಲಿಗೂ ಸಿಪ್ಪೆಗೂ ನಡುವೆ ನಿಂತು, ಸೇಬಿನ ಮೇಲ್ಮೈಯಲ್ಲಿ ಮೊದಲೇ ಇದ್ದ ಸೂಕ್ಷ್ಮಾಣುವಿಗೆ ಬೆಳೆಯಲು ತೇವ ಒದಗಿಸುತ್ತದೆ ಎಂಬುದು ಆ ಬಳಿಕದ ಸಂಶೋಧನೆಯಿಂದ ತಿಳಿಯಿತು. ಅದೇ ದಿನ ಮಾಡಿ ಅದೇ ದಿನ ತಿನ್ನಬೇಕು, ಇಲ್ಲವೇ ಫ್ರಿಜ್‌ನಲ್ಲಿಡಬೇಕು. ಫ್ರಿಜ್‌ನಿಂದ ತೆಗೆದಾಗ ಕ್ಯಾರಮೆಲ್ ಕಲ್ಲಾಗಿರುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಹುಳಿಯಾದ ಗ್ರ್ಯಾನಿ ಸ್ಮಿತ್ ಹಣ್ಣಿನ ಕ್ಯಾರಮೆಲ್ ಸೇಬನ್ನೇ ಆರಿಸುತ್ತೇನೆ. ಆದರೆ ಮಕ್ಕಳು ಇಡೀ ಸೇಬನ್ನು ಎರಡು ಕಡೆ ಕಚ್ಚಿ ಎಲ್ಲೋ ಇಟ್ಟು ಮರೆಯುವುದನ್ನು ನೋಡಿದ ಮೇಲೆ, ನಿಂಬೆರಸ ಸವರಿದ ಹೋಳುಗಳ ಪಕ್ಕದಲ್ಲಿ ಬಟ್ಟಲಿನಷ್ಟು ಕ್ಯಾರಮೆಲ್ ಇಡುವುದೇ ಎರಡಕ್ಕಿಂತ ವಾಸಿ ಎನಿಸಿದೆ.

ಪಾಪ್‌ಕಾರ್ನ್ ಉಂಡೆಯಲ್ಲಿ ಪೈಪೋಟಿ ಇರುವುದು ಅಂಟಿನ ವಿಷಯದಲ್ಲಿ. ಬೆಣ್ಣೆಯಲ್ಲಿ ಕರಗಿಸಿದ ಮಾರ್ಷ್‌ಮ್ಯಾಲೊ ಎಲ್ಲಕ್ಕಿಂತ ಸುಲಭ; ಅಳೆಯಬೇಕಿಲ್ಲ, ಹದ ನೋಡಬೇಕಿಲ್ಲ, ಮೂರು ಗಂಟೆಯಾದರೂ ಮೆತ್ತಗಿರುತ್ತದೆ. ಆದರೆ ಸಾಮಾನ್ಯ ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್ ಇರುವುದರಿಂದ ನಮ್ಮ ಅತಿಥಿಗಳಲ್ಲಿ ಅರ್ಧ ಮಂದಿಗೆ ಅದು ಸಲ್ಲದು, ಮತ್ತು ಮರುದಿನ ಅದು ರಬ್ಬರು. ಕಾರ್ನ್ ಸಿರಪ್ ಮತ್ತು ಸಕ್ಕರೆಯನ್ನು 260 ಡಿಗ್ರಿಗೆ ಕಾಯಿಸಿ ಸುರಿಯುವ ಹಳೆಯ ವಿಧಾನದಲ್ಲಿ ಉಂಡೆ ಗರಿಗರಿಯಾಗಿರುತ್ತದೆ. ಇಳಿಸುವಾಗ ಚಿಟಿಕೆ ಅಡುಗೆ ಸೋಡ ಹಾಕಿದರೆ ಪಾಕ ನೊರೆಯೆದ್ದು ಹಗುರವಾಗಿ, ಹಲ್ಲಿಗೆ ಸುಲಭವಾಗುತ್ತದೆ. ಮೂರನೆಯದು ಬೆಲ್ಲದ ಪಾಕ, ಅಂದರೆ ನಮ್ಮ ಪುರಿ ಉಂಡೆಯ ಕ್ರಮ. ತಣ್ಣೀರಿಗೆ ಬಿಟ್ಟ ಹನಿ ಕೈಗೆ ಗಟ್ಟಿ ಉಂಡೆಯಾಗಿ ಸಿಕ್ಕಿ, ತಟ್ಟೆಗೆ ಹಾಕಿದರೆ ಠಣ್ಣೆನ್ನಬೇಕು; ಅಷ್ಟು ಗೊತ್ತಿದ್ದವರಿಗೆ ಥರ್ಮಾಮೀಟರ್ ಬೇಕಿಲ್ಲ. ಅರ್ಧ ಕಪ್ ಕಾಳಿನಿಂದ ಅರಳುವ ಹದಿನಾಲ್ಕು ಕಪ್‌ನಷ್ಟು ಪಾಪ್‌ಕಾರ್ನ್‌ಗೆ ಮುನ್ನೂರು ಗ್ರಾಂ ಬೆಲ್ಲ ಸಾಕು. ಅರಳದ ಕಾಳುಗಳನ್ನು ಒಂದೂ ಬಿಡದಂತೆ ಮೊದಲೇ ಆರಿಸಿ ತೆಗೆಯಬೇಕು, ಪಾಕ ಸುರಿದ ಮೇಲೆ ಕೈಗೆ ತುಪ್ಪ ಸವರಿಕೊಂಡು ಐದು ನಿಮಿಷದೊಳಗೆ ಕಟ್ಟಿ ಮುಗಿಸಬೇಕು. ರೆಕ್ಕೆ ಬಿಚ್ಚಿದಂತೆ ಅರಳುವ ಸಾಮಾನ್ಯ ಜೋಳಕ್ಕಿಂತ, ಗುಂಡಗೆ ಅರಳುವ ಮಶ್ರೂಮ್ ಎಂಬ ಬಗೆ ಕಲಸುವಾಗ ಪುಡಿಯಾಗದೆ ಉಳಿಯುತ್ತದೆ.

ರುಚಿಯಲ್ಲಿ ಬೆಲ್ಲದ್ದೇ ಮೇಲು. ಸೋಮಾರಿಯಾದ ಸಂಜೆಗೆ ಮಾತ್ರ ಮಾರ್ಷ್‌ಮ್ಯಾಲೊ. ಬೆಲ್ಲದ ಉಂಡೆಗೆ ಕಿತ್ತಳೆ ಬಣ್ಣ ಹತ್ತುವುದಿಲ್ಲ ಎಂಬ ಕೊರತೆಯಿದೆ, ಅದನ್ನು ಕುಂಬಳಕಾಯಿ ಎಂದು ತೋರಿಸಲಾಗದು; ಕಂದು ಬಣ್ಣದ ಆ ಉಂಡೆಗೆ ಎರಡು ಕಣ್ಣಿಟ್ಟರೆ ತೋಳಮಾನವನ ತಲೆಯೆಂದು ಮಕ್ಕಳು ಒಪ್ಪಿಕೊಳ್ಳುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಮೂರರಲ್ಲಿ ಯಾವುದನ್ನೂ ಅವರ ಕೈಗೆಟುಕುವಂತೆ ಇಡಬಾರದು.

ಬಿಳಿ ದೆವ್ವಗಳಿಗೆ ಮೆರಾಂಗ್ ಪ್ರಸಿದ್ಧ. ನಾಲ್ಕು ಮೊಟ್ಟೆಯ ಬಿಳಿಗೆ 200 ಗ್ರಾಂ ಸಕ್ಕರೆ ಸೇರಿಸಿ ಗಟ್ಟಿಯಾಗಿ ನೊರೆಯೆಬ್ಬಿಸಿ, ದೆವ್ವದ ಆಕಾರದಲ್ಲಿ ಹಿಂಡಿ, 200 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಬೇಕು. ಮೊಟ್ಟೆ ತಿನ್ನದವರಿಗೆ ಕಾಬೂಲಿ ಕಡಲೆಯ ಡಬ್ಬಿಯಲ್ಲಿರುವ ನೀರೇ ಬದಲಿ. ಈ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆ ಎಂಬುದನ್ನು 2014ರಲ್ಲಿ ಪ್ರಚುರಪಡಿಸಿದವರು ಫ್ರಾನ್ಸ್‌ನ ಜೊಯೆಲ್ ರೊಸೆಲ್. ಒಂದು ಮೊಟ್ಟೆಯ ಬಿಳಿಗೆ ಎರಡು ದೊಡ್ಡ ಚಮಚ ನೀರಿನ ಲೆಕ್ಕದಲ್ಲಿ, ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿಪುಡಿಯನ್ನು ಚಿಟಿಕೆಯಷ್ಟು ಸೇರಿಸಿ ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಯಂತ್ರದಿಂದ ಬಡಿಯಬೇಕಾಗುತ್ತದೆ. ಕಡಲೆಯ ವಾಸನೆ ಒಣಗುವಷ್ಟರಲ್ಲಿ ಹೋಗುತ್ತದೆ, ಕಣ್ಣುಮುಚ್ಚಿ ತಿಂದವರಿಗೆ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಮೂರನೆಯ ಗಂಟೆ ಇವೆರಡಕ್ಕೂ ಕಠಿಣ. ಒಲೆಯ ಮೇಲೆ ಸೇಬಿನ ಸೈಡರ್ ಕುದಿಯುತ್ತಿದ್ದು, ಮನೆಯ ತುಂಬ ಜನರಿದ್ದರೆ ಮೊಟ್ಟೆಯ ದೆವ್ವಗಳ ಮೈ ಜಿಗುಟಾಗುತ್ತದೆ. ಕಡಲೆನೀರಿನವು ಅದಕ್ಕೂ ಮೊದಲೇ ಕುಗ್ಗಿ ತಟ್ಟೆಗೆ ಅಂಟಿಕೊಳ್ಳುತ್ತವೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಎಂಟು ಗಂಟೆಗೇ ಹೊರತೆಗೆಯುವ ತಾಳ್ಮೆಯಿದ್ದವರು ಮಾತ್ರ ಇದಕ್ಕೆ ಕೈಹಾಕಬಹುದು. ಬಾಳೆಹಣ್ಣನ್ನು ಅರ್ಧಕ್ಕೆ ಕತ್ತರಿಸಿ ನಿಲ್ಲಿಸಿ ಚಾಕೊಲೆಟ್ ಚೂರಿನ ಕಣ್ಣಿಡುವ ದೆವ್ವ ಗಂಟೆಯೊಳಗೆ ಕಪ್ಪಾಗುವುದರಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸಿಪ್ಪೆ ಸುಲಿದ ಕಿತ್ತಳೆಯ ನೆತ್ತಿಗೆ ಸೆಲರಿಯ ತುಂಡನ್ನು ತೊಟ್ಟಿನಂತೆ ಚುಚ್ಚಿದರೆ ಆಗುವ ಪುಟ್ಟ ಕುಂಬಳಕಾಯಿ ಎರಡು ನಿಮಿಷದ ಕೆಲಸ, ಮೂರು ಗಂಟೆಗೂ ಅದು ಹಾಗೆಯೇ ಇರುತ್ತದೆ.

ಚೀಲದ ತುಂಬ ಮಿಠಾಯಿ ತಂದ ಮಕ್ಕಳಿಗೆ ಮೇಜಿನ ಮೇಲೂ ಸಿಹಿಯೇ ಏಕೆ ಬೇಕು? ಎಂಟು ಗಂಟೆಗೆ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ತಟ್ಟೆ ಖಾರದ್ದೇ. ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸುವ ಮಮ್ಮಿಗಳನ್ನು (ಬಟ್ಟೆ ಸುತ್ತಿದ ಈಜಿಪ್ಟಿನ ಶವಗಳಂತೆ ಕಾಣುವ ತಿನಿಸು) ಇಲ್ಲಿನವರು ಹಾಟ್ ಡಾಗ್‌ಗೆ ಡಬ್ಬಿಯ ಕ್ರೆಸೆಂಟ್ ರೋಲ್ ಹಿಟ್ಟು ಸುತ್ತಿ ಮಾಡುತ್ತಾರೆ. ಆ ಹಿಟ್ಟು 375 ಡಿಗ್ರಿಯಲ್ಲಿ ಹದಿನೈದು ನಿಮಿಷದೊಳಗೆ ಬೆಂದು ಮುದ್ದಾಗಿ ಕಾಣುತ್ತದೆ, ಆರಿದ ಮೇಲೆ ತೇವದ ಬನ್ನಿನಂತೆ ಮೆತ್ತಗಾಗುತ್ತದೆ. ಪಫ್ ಪೇಸ್ಟ್ರಿಯ ಪಟ್ಟಿಗಳಿಗೆ 400 ಡಿಗ್ರಿ, ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅವು ಉಬ್ಬಿ ಕಣ್ಣಿನ ಜಾಗವನ್ನೇ ಮುಚ್ಚಿಬಿಡುವುದರಿಂದ ಸುತ್ತುವಾಗ ಅಂತರವನ್ನು ಎರಡರಷ್ಟು ಬಿಟ್ಟು, ಕಣ್ಣುಗಳನ್ನು ಬೆಂದ ನಂತರ ಸಾಸಿವೆ ಸಾಸ್‌ನ ಬೊಟ್ಟಿನಿಂದ ಇಡಬೇಕು. ಮೂರನೆಯ ಗಂಟೆಯಲ್ಲೂ ಗರಿ ಉಳಿಸಿಕೊಂಡದ್ದು ಪಫ್ ಪೇಸ್ಟ್ರಿಯೇ.

ಒಳಗೆ ಏನಿಡಬೇಕೆಂಬುದು ಇನ್ನೊಂದು ಪ್ರಶ್ನೆ. ಸಸ್ಯಾಹಾರಿ ಹಾಟ್ ಡಾಗ್ ಆಕಾರಕ್ಕೆ ಸರಿ, ರುಚಿಗೆ ಸಪ್ಪೆ. ಪನೀರಿನ ಉದ್ದನೆಯ ತುಂಡು ಬಿಸಿಯಿರುವಾಗ ಚೆನ್ನ, ಆರಿದಾಗ ಗಟ್ಟಿ. ಅರ್ಧ ಕೊರೆದ ಹಲಪೀನ್ಯೊ ಮೆಣಸಿನಕಾಯಿಗೆ ಕ್ರೀಮ್ ಚೀಸ್ ತುಂಬಿ ಸುತ್ತುವುದು ದೊಡ್ಡವರಿಗೆ ಬಹಳ ಇಷ್ಟ, ಆದರೆ ಅಂಥ ಹಾಲಿನ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಬೆಂಗಳೂರಿನ ಬೇಕರಿ ಪಫ್‌ನಲ್ಲಿರುವಂತೆ, ಆಲೂಗಡ್ಡೆ, ಬಟಾಣಿ, ಈರುಳ್ಳಿಯ ಒಣ ಪಲ್ಯವನ್ನು ಬೆರಳುದ್ದಕ್ಕೆ ಹೊಸೆದು ಸುತ್ತಿದ ಮಮ್ಮಿಯೇ ನನ್ನ ಆಯ್ಕೆ. ಪಲ್ಯದಲ್ಲಿ ನೀರಿನಂಶ ಉಳಿದರೆ ತಳ ಬೇಯುವುದಿಲ್ಲ, ಆದ್ದರಿಂದ ಪೂರ್ತಿ ಆರಿಸಿಯೇ ಸುತ್ತಬೇಕು. ಇದನ್ನೂ ಮೂರು ಗಂಟೆ ಹೊರಗಿಡುವುದು ಬೇಡ. ಅರ್ಧವನ್ನು ಐದಕ್ಕೆ, ಉಳಿದರ್ಧವನ್ನು ಎಂಟಕ್ಕೆ ಬೇಯಿಸಿದರಾಯಿತು. ಆಲಿವ್ ಜೇಡ ಕೂರಿಸಿದ ಮಸಾಲೆ ಮೊಟ್ಟೆಗಳೂ ಅದೇ ಎರಡು ಗಂಟೆಯ ನಿಯಮಕ್ಕೆ ಒಳಪಡುತ್ತವೆ, ನಮ್ಮ ವೇಳಾಪಟ್ಟಿಗೆ ಹೊಂದುವುದೇ ಇಲ್ಲ.

ಮಾಟಗಾತಿಯ ಬೆರಳುಗಳ ವಿಷಯದಲ್ಲಿ ಫಲಿತಾಂಶ ಸ್ಪಷ್ಟವಾಗಿತ್ತು. ಬೆಣ್ಣೆ ಬಿಸ್ಕತ್ತಿನ ಹಿಟ್ಟನ್ನು ಬೆರಳಿನಂತೆ ಹೊಸೆದು, ಗೆಣ್ಣಿನ ಗೆರೆ ಎಳೆದು, ತುದಿಗೆ ಉಗುರಾಗಿ ಬಾದಾಮಿ ಒತ್ತಿ ಬೇಯಿಸುವುದು ವಾಡಿಕೆ. ಹಿಟ್ಟು ಓವನ್ನಿನಲ್ಲಿ ಹರಡುವುದರಿಂದ ಸಣ್ಣ ಬೆರಳು ಹೆಬ್ಬೆರಳಾಗುತ್ತದೆ, ಮೊದಲು ಒಂದು ಗಂಟೆ ಫ್ರಿಜ್‌ನಲ್ಲಿಟ್ಟರೆ ಸ್ವಲ್ಪ ತಡೆಯಬಹುದು. ಅಲರ್ಜಿಯ ಕಾರಣ ಬಾದಾಮಿಯ ಬದಲು ಸಿಪ್ಪೆ ತೆಗೆದ ಕುಂಬಳಬೀಜ ಒತ್ತಿದರೆ ಹಸಿರು ಉಗುರು ಇನ್ನಷ್ಟು ಹೇಸಿಗೆಯಾಗಿ ಕಾಣುತ್ತದೆ. ಇದರ ಎದುರಿಗೆ ನಾನಿಟ್ಟದ್ದು ಕೋಡುಬಳೆಯ ಹಿಟ್ಟು: ಅಕ್ಕಿಹಿಟ್ಟು, ಅದರ ಕಾಲುಭಾಗ ಮೈದಾ, ಕಾಲುಭಾಗ ಚಿರೋಟಿ ರವೆ, ಉಪ್ಪು, ಇಂಗು, ಬಿಸಿ ಎಣ್ಣೆ. ಬಳೆಯಾಗಿ ಬಗ್ಗಿಸದೆ ನೇರವಾಗಿ ಬಿಟ್ಟು, ಗೆಣ್ಣಿನ ಬಳಿ ಚಿವುಟಿ ಸಣ್ಣ ಉರಿಯಲ್ಲಿ ಕರಿದರೆ ಸಾಕು. ಮೆಣಸಿನಪುಡಿ ಹಾಕಿದರೆ ಬಣ್ಣ ಕೆಂಪಾಗಿ ಬೆರಳಿನ ಹೋಲಿಕೆ ತಪ್ಪುತ್ತದೆ. ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಹಾಕಿದರೆ ನಸುಹಳದಿಯ ಮೈ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ, ಖಾರವೂ ಹಿತಮಿತವಾಗಿರುತ್ತದೆ. ಕರಿಯುವಾಗ ಬೀಜದ ಉಗುರು ಕೆಲವು ಬೆರಳುಗಳಿಂದ ಉದುರಿ ಎಣ್ಣೆಯ ತಳ ಸೇರುತ್ತದೆ, ಉಗುರಿಲ್ಲದ ಬೆರಳು ಭಯಕ್ಕೆ ಅಡ್ಡಿಯೇನಲ್ಲ. ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ, ಮೂರು ಗಂಟೆಯ ಮಾತಿರಲಿ, ಡಬ್ಬಿಯಲ್ಲಿ ವಾರವಿಟ್ಟರೂ ಗರಿ ಹೋಗುವುದಿಲ್ಲ. ಇಡೀ ಮೇಜಿನಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ.

ಕಪ್ಪು ಬಣ್ಣ ಬೇಕಾದಾಗ ಕೆಲವರು ಸಕ್ರಿಯ ಇದ್ದಿಲಿನ ಪುಡಿ ಬಳಸುತ್ತಾರೆ. ಅದು ದೇಹದಲ್ಲಿ ಔಷಧಗಳನ್ನು ಹೀರಿಕೊಂಡು ಅವುಗಳ ಪರಿಣಾಮ ತಗ್ಗಿಸಬಲ್ಲದು. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2018ರಲ್ಲಿ ಹೋಟೆಲುಗಳ ತಿನಿಸುಗಳಲ್ಲಿ ಅದರ ಬಳಕೆಯನ್ನು ತಡೆಯಿತು. ಕ್ಷಾರದಿಂದ ಸಂಸ್ಕರಿಸಿದ ಕಪ್ಪು ಕೋಕೊ ಅಥವಾ ಅರೆದ ಕರಿ ಎಳ್ಳು ಸಾಕಷ್ಟು ಕಪ್ಪು ಕೊಡುತ್ತದೆ, ಎರಡರಲ್ಲಿ ಕೋಕೊ ಹೆಚ್ಚು ಕಪ್ಪು.

ಇನ್ನು ಕುಂಬಳಬೀಜ. ದೀಪಕ್ಕಾಗಿ ಕೆತ್ತುವ ದೊಡ್ಡ ಕಾಯಿಯ ಬೀಜದ ಸಿಪ್ಪೆ ದಪ್ಪ, ಪೈ ಮಾಡುವ ಸಣ್ಣ ಸಿಹಿಗುಂಬಳದ್ದು ತೆಳು. ಹುರಿಯಲು ಎರಡನೆಯದೇ ಒಳ್ಳೆಯದು. ಕೆತ್ತಿದ ಕಾಯಿಯದನ್ನೇ ಬಳಸುವುದಾದರೆ ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಒಣಗಿಸಿ, 325 ಡಿಗ್ರಿಯಲ್ಲಿ ಆಗಾಗ ಕೆದಕುತ್ತ ಹೊಂಬಣ್ಣಕ್ಕೆ ಹುರಿಯಬೇಕು. ಕುದಿಸದೆ ಹುರಿದರೆ ಉಪ್ಪು ಹೊರಗಷ್ಟೇ ನಿಲ್ಲುತ್ತದೆ, ಸಿಪ್ಪೆ ನಾರಿನಂತೆ ಬಾಯಲ್ಲಿ ಉಳಿಯುತ್ತದೆ. ದಾಲ್ಚಿನ್ನಿ ಮತ್ತು ಸಕ್ಕರೆ ಬೆರೆಸಿದ ತಟ್ಟೆ ಹುರಿಯುವಾಗಲೇ ಸೀದುಹೋಗುವ ಸಾಧ್ಯತೆ ಹೆಚ್ಚು. ಎಣ್ಣೆಯಲ್ಲಿ ಇಂಗು, ಕರಿಬೇವು, ಅಚ್ಚಖಾರದ ಪುಡಿಯ ಒಗ್ಗರಣೆ ಮಾಡಿ ಹುರಿದ ಬೀಜಕ್ಕೆ ಕೊನೆಯಲ್ಲಿ ಬೆರೆಸುವುದು ಸುರಕ್ಷಿತ, ರುಚಿಯೂ ಹೆಚ್ಚು. ಅಕ್ಟೋಬರ್ 29ರಂದು ಕಾಯಿ ಕೆತ್ತುವ ಮನೆಗಳಲ್ಲಿ ಅಂದೇ ಹುರಿದು ಡಬ್ಬಿಗೆ ಹಾಕಿಡಬಹುದು, 31ಕ್ಕೆ ಬಟ್ಟಲಿಗೆ ಸುರಿದರೆ ಸಾಕು.